ರೇಡಾನ್: ಮನೆಯೊಳಗಿನ ಕಾಣದ ಅಪಾಯ

ರೇಡಾನ್ ಒಂದು ವಿಕಿರಣಶೀಲ ಅನಿಲ. ಇದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕಲ್ಲು ಮಣ್ಣಿನಲ್ಲಿ ಸಹಜವಾಗಿರುವ ಯುರೇನಿಯಂ ಕ್ರಮೇಣ ಕ್ಷಯಿಸಿ ರೇಡಿಯಂ ಆಗುತ್ತದೆ. ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಗ್ರಾನೈಟ್ ಶಿಲೆಯಲ್ಲಿ ಯುರೇನಿಯಂ ಅಂಶ ಸಾಮಾನ್ಯವಾಗಿ ಸುಣ್ಣಕಲ್ಲಿಗಿಂತ ಹೆಚ್ಚು. ಬಯಲಿನಲ್ಲಿ ಈ ಅನಿಲ ಗಾಳಿಯಲ್ಲಿ ಚದುರಿಹೋಗುತ್ತದೆ. ಆದರೆ ನೆಲದ ಬಿರುಕು, ಪೈಪುಗಳ ಸುತ್ತಲಿನ ಸಂದುಗಳ ಮೂಲಕ ಮನೆಯೊಳಗೆ ಬಂದರೆ ಅಲ್ಲೇ ಶೇಖರವಾಗುತ್ತದೆ. ನೆಲಮಾಳಿಗೆಯಲ್ಲಿ ಪ್ರಮಾಣ ಹೆಚ್ಚು.

ದೇಹದಲ್ಲಿ ಏನಾಗುತ್ತದೆ?

ಉಸಿರಿನೊಂದಿಗೆ ಒಳಹೋದ ರೇಡಾನ್‌ನ ಬಹುಪಾಲು ಹಾಗೆಯೇ ಹೊರಬರುತ್ತದೆ. ಅಪಾಯವಿರುವುದು ಅದು ಕ್ಷಯಿಸಿದಾಗ ಉಂಟಾಗುವ ಪೊಲೋನಿಯಂ ಕಣಗಳಿಂದ. ಇವು ಧೂಳಿಗೆ ಅಂಟಿಕೊಂಡು ಶ್ವಾಸನಾಳದ ಒಳಪದರದಲ್ಲಿ ಕೂರುತ್ತವೆ ಮತ್ತು ಆಲ್ಫಾ ಕಿರಣ ಸೂಸುತ್ತವೆ. ಒಂದು ಹಾಳೆ ಕಾಗದವೂ ತಡೆಯಬಲ್ಲ ಈ ಕಿರಣ, ಒಳಗಿನ ಜೀವಕೋಶಗಳ ಡಿಎನ್ಎಯನ್ನು ಹಾಳುಮಾಡುತ್ತದೆ. ವರ್ಷಗಳು ಕಳೆದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅಲ್ಲಿಯವರೆಗೆ ತಲೆನೋವು, ಕೆಮ್ಮು ಮುಂತಾದ ಯಾವ ಮುನ್ಸೂಚನೆಯೂ ಇರುವುದಿಲ್ಲ.

1988ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಅಪಾಯ ಎಷ್ಟು?

ರೇಡಾನನ್ನು ಅಳೆಯುವ ಮಾನ ಬೆಕೆರೆಲ್. ಒಂದು ಘನ ಮೀಟರ್ ಗಾಳಿಯಲ್ಲಿ ಪ್ರಮಾಣ 100 ಬೆಕೆರೆಲ್ ಹೆಚ್ಚಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಸುಮಾರು ಶೇ. 16 ಹೆಚ್ಚುತ್ತದೆ ಎಂದು ಯುರೋಪಿನ ಅಧ್ಯಯನಗಳು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಬೆಕೆರೆಲ್ ಮಿತಿಯನ್ನು ಸೂಚಿಸಿತು. ಅದು ಸಾಧ್ಯವಾಗದ ಕಡೆ 300 ಮೀರಬಾರದು ಎಂದಿತು.

ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು. ರೇಡಾನ್ 400 ಬೆಕೆರೆಲ್ ಇರುವ ಮನೆಯಲ್ಲಿ ಬಾಳಿದವರ ಪೈಕಿ 75 ವರ್ಷದೊಳಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವವರು, ಧೂಮಪಾನ ಮಾಡದವರಲ್ಲಿ ಸಾವಿರಕ್ಕೆ ಸುಮಾರು 7, ಮಾಡುವವರಲ್ಲಿ ಸುಮಾರು 160.

ಪೆನ್ಸಿಲ್ವೇನಿಯಾದ ಪ್ರಕರಣ

1984ರ ಡಿಸೆಂಬರಿನಲ್ಲಿ ಅಮೆರಿಕದ ಲಿಮೆರಿಕ್ ಅಣು ವಿದ್ಯುತ್ ಸ್ಥಾವರದ ಇಂಜಿನಿಯರ್ ಸ್ಟಾನ್ಲಿ ವಾಟ್ರಾಸ್ ಅವರನ್ನು ಕಂಡು ವಿಕಿರಣ ಎಚ್ಚರಿಕೆ ಯಂತ್ರ ಕೂಗಿತು. ಸ್ಥಾವರದಲ್ಲಿ ಆಗಿನ್ನೂ ವಿದ್ಯುತ್ ಉತ್ಪಾದನೆಯೇ ಆರಂಭವಾಗಿರಲಿಲ್ಲ. ಪರೀಕ್ಷಿಸಿದಾಗ ವಿಕಿರಣ ಬಂದದ್ದು ಅವರ ಮನೆಯಿಂದ ಎಂದು ತಿಳಿಯಿತು. ಅಲ್ಲಿ ರೇಡಾನ್ ಸುಮಾರು 1 ಲಕ್ಷ ಬೆಕೆರೆಲ್ ಇತ್ತು. ಮನೆಯನ್ನು ಸರಿಪಡಿಸಿದ ಮೇಲೆ, ಕೆಲವು ತಿಂಗಳ ನಂತರ ಕುಟುಂಬ ಅಲ್ಲಿಗೇ ಮರಳಿತು.

ಏನು ಮಾಡಬೇಕು?

* ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಎ.ಸಿ. ಹಾಕಿ ಸದಾ ಮುಚ್ಚಿಡುವ ಕೋಣೆಗಳಲ್ಲಿ ಅನಿಲ ಏರಬಹುದು.
* ನೆಲದ ಬಿರುಕು, ಪೈಪು ಸಂದುಗಳನ್ನು ಮುಚ್ಚಿಸಿ.
* ಪ್ರಮಾಣ ಹೆಚ್ಚಿರುವ ಕಡೆ ನೆಲದಡಿಯ ಗಾಳಿಯನ್ನು ಪೈಪು ಮತ್ತು ಫ್ಯಾನ್ ಮೂಲಕ ಛಾವಣಿಯ ಮೇಲಕ್ಕೆ ಬಿಡುವುದು ಪರಿಣಾಮಕಾರಿ ಕ್ರಮ.
* ಧೂಮಪಾನ ಬಿಡಿ. ರೇಡಾನ್‌ನಿಂದಾಗುವ ಹಾನಿಯನ್ನೂ ಇದು ಬಹಳಷ್ಟು ತಗ್ಗಿಸುತ್ತದೆ.

ರೇಡಾನ್ ಇದೆಯೇ ಎಂದು ತಿಳಿಯಲು ಅಳತೆಯೊಂದೇ ದಾರಿ. ಪಕ್ಕಪಕ್ಕದ ಎರಡು ಮನೆಗಳಲ್ಲೂ ಪ್ರಮಾಣ ಬೇರೆ ಬೇರೆ ಇರಬಹುದು.