ಒಲೆ ಮುಂದಿನ ಉಸಿರಿನ ಲೆಕ್ಕ
ಊದುಗೊಳವೆ ಊದಿ ಊದಿ ಎದೆ ಹಿಡ್ಕೊಂಡು ಕೂತ ನಮ್ಮವ್ವಂದಿರನ್ನ ಚರಿತ್ರೆ ಕೇಳಲಿಲ್ಲ. ದೆಹಲಿಯಲ್ಲಿ ಡಾ. ಎಸ್. ಪದ್ಮಾವತಿ ಕೇಳಿದರು. ಶ್ವಾಸಕೋಶ ಕೆಟ್ಟು ಹೃದಯ ಸೋತ 127 ರೋಗಿಗಳ ವರದಿಯನ್ನು 1959ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದರು. ಬೀಡಿ ಮುಟ್ಟದ ಹೆಂಗಸರಿಗೂ ಈ ರೋಗ ಯಾಕೆ? ಸೌದೆ, ಬೆರಣಿಯ ಹೊಗೆ ಕಡೆಗೆ ಬೆರಳು ಹೋಯಿತು.

ಸರ್ಕಾರಕ್ಕೆ ಆ ಬೆರಳು ಕಾಣಲಿಲ್ಲ. 1981ರ ವಾಯುಮಾಲಿನ್ಯ ಕಾಯ್ದೆಯ ಕಣ್ಣು ನೆಟ್ಟಿದ್ದು ಕಾರ್ಖಾನೆ ಚಿಮಣಿ, ಮೋಟಾರು ಹೊಗೆಯ ಮೇಲೆ. ಅದೇ ವರ್ಷ ಅಮೆರಿಕದ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿ ಹೆಂಗಸರು ಅಡುಗೆ ಮಾಡುವಾಗ ಉಸಿರಾಡುವ ಗಾಳಿಯನ್ನೇ ಅಳೆದರು: ಘನಮೀಟರಿಗೆ ಸರಾಸರಿ ಸುಮಾರು 7 ಮಿಲಿಗ್ರಾಂ ಕಣ!

ಗುಡಿಸಲಿಗೆ ಕಿಟಕಿ ಯಾಕಿಲ್ಲ ಅಂತ ಯಂತ್ರ ಹೇಳೋದಿಲ್ಲ. ಊರಾಚೆ ಅಂಗೈಯಗಲ ಜಾಗದಲ್ಲಿ ಒಲೆ ಪಕ್ಕಾನೇ ಮಲಗುವ ಕೇರಿಯ ಕೂಸಿನ ಉಸಿರನ್ನೂ ಅಳೆಯಿರಿ ಅಂತ ನಾವು ಕೇಳ್ತಿದೀವಿ.