ಸ್ತನ್ಯಪಾನದ ವೇಳೆ ಶಿಶುವಿನ ಕಚ್ಚುವಿಕೆ

ಸ್ತನ್ಯಪಾನದ ವೇಳೆ ಶಿಶುವಿನ ಕಚ್ಚುವಿಕೆ ಎಂದರೆ ಎದೆಹಾಲು ಕುಡಿಯುವ ಮಗು ತಾಯಿಯ ಮೊಲೆತೊಟ್ಟನ್ನು ವಸಡಿನಿಂದ ಅಥವಾ ಹಲ್ಲಿನಿಂದ ಕಚ್ಚುವ ಕ್ರಿಯೆ. ಇದು ಹೆಚ್ಚಾಗಿ ಹಾಲುಹಲ್ಲು ಮೂಡುವ ತಿಂಗಳುಗಳಲ್ಲಿ ಕಂಡುಬರುತ್ತದೆ. ಕಚ್ಚುವಿಕೆ ತಾಯಿಗೆ ತೀವ್ರ ನೋವನ್ನುಂಟುಮಾಡುವುದರಿಂದ ಅನೇಕ ಕುಟುಂಬಗಳು ಇದನ್ನು ಹಾಲು ಬಿಡಿಸುವ ಸೂಚನೆಯೆಂದು ಭಾವಿಸುತ್ತವೆ. ಆದರೆ ಇದು ಸಾಮಾನ್ಯವಾಗಿ ತಾತ್ಕಾಲಿಕವಾದುದು. ಹಾಲೂಡುವ ಭಂಗಿ ಮತ್ತು ಸಮಯದಲ್ಲಿ ಸಣ್ಣ ಬದಲಾವಣೆ ಮಾಡಿಕೊಂಡರೆ ಬಹುಪಾಲು ನಿವಾರಣೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕೆಂದೂ, ಅನಂತರ ಪೂರಕ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅದನ್ನು ಮುಂದುವರಿಸಬೇಕೆಂದೂ ಶಿಫಾರಸು ಮಾಡುತ್ತವೆ. ಹೀಗಾಗಿ ಮಗುವಿನ ಬಾಯಿಯಲ್ಲಿ ಹಲ್ಲುಗಳಿರುವ ಕಾಲವೂ ಎದೆಹಾಲಿನ ಕಾಲವೇ ಆಗಿದೆ.

ಹಲ್ಲು ಮೂಡುವಿಕೆ

ಹಾಲುಹಲ್ಲುಗಳು ಒಟ್ಟು 20. ಮೊದಲ ಹಲ್ಲು ಸುಮಾರು 6ನೆಯ ತಿಂಗಳಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ 4ನೆಯ ತಿಂಗಳಿಗೇ, ಇನ್ನು ಕೆಲವರಲ್ಲಿ ವರ್ಷ ತುಂಬುವ ಹೊತ್ತಿಗೆ ಬರುವುದೂ ಸಹಜ. ಸಾಮಾನ್ಯವಾಗಿ ಕೆಳದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಮೊದಲು ಮೂಡುತ್ತವೆ, ಅನಂತರ ಮೇಲಿನ ಬಾಚಿಹಲ್ಲುಗಳು ಬರುತ್ತವೆ. ಸುಮಾರು ಎರಡೂವರೆಯಿಂದ ಮೂರು ವರ್ಷದೊಳಗೆ ಎಲ್ಲ ಹಾಲುಹಲ್ಲುಗಳೂ ಪೂರ್ಣಗೊಳ್ಳುತ್ತವೆ. ಹಲ್ಲು ಹೊರಬರುವ ದಿನಗಳಲ್ಲಿ ವಸಡು ಊದಿಕೊಂಡು ನವೆಯಾಗುತ್ತದೆ. ಏನನ್ನಾದರೂ ಒತ್ತಿ ಅಗಿದರೆ ಮಗುವಿಗೆ ಹಿತವೆನಿಸುವುದರಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಜೊಲ್ಲು ಸುರಿಯುವುದು, ಕಿರಿಕಿರಿ ಮತ್ತು ನಿದ್ರೆಯಲ್ಲಿ ಏರುಪೇರು ಈ ಅವಧಿಯ ಇತರ ಲಕ್ಷಣಗಳು.

ಕಚ್ಚುವಿಕೆಯ ಕಾರಣ

ಮಗು ಸರಿಯಾಗಿ ಬಾಯಿ ಹಾಕಿ ಹಾಲು ಕುಡಿಯುತ್ತಿರುವಾಗ ಅದರ ನಾಲಿಗೆ ಕೆಳವಸಡಿನ ಮತ್ತು ಕೆಳಹಲ್ಲುಗಳ ಮೇಲೆ ಚಾಚಿಕೊಂಡಿರುತ್ತದೆ; ತೊಟ್ಟು ಬಾಯಿಯ ಹಿಂಭಾಗದವರೆಗೆ ಹೋಗಿರುತ್ತದೆ. ಈ ಸ್ಥಿತಿಯಲ್ಲಿ ಕಚ್ಚಬೇಕಾದರೆ ಮಗು ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ, ಆಗ ಹೀರುವಿಕೆ ನಿಲ್ಲುತ್ತದೆ. ಅಂದರೆ ಹಾಲು ಹೀರಿ ನುಂಗುತ್ತಿರುವ ಮಗು ಅದೇ ಕ್ಷಣದಲ್ಲಿ ಕಚ್ಚಲಾರದು. ಮೇಲಿನ ಹಲ್ಲುಗಳ ಗುರುತು ಸ್ತನದ ಚರ್ಮದ ಮೇಲೆ ತುಸು ಮೂಡಬಹುದಾದರೂ ಅದು ಕಚ್ಚುವಿಕೆಯಲ್ಲ.

ಆದ್ದರಿಂದ ಕಚ್ಚುವಿಕೆಯು ಮಗು ಕುಡಿಯುವುದನ್ನು ನಿಲ್ಲಿಸಿದೆ ಅಥವಾ ಇನ್ನೂ ಸರಿಯಾಗಿ ಬಾಯಿ ಹಾಕಿಲ್ಲ ಎಂಬುದನ್ನು ತಿಳಿಸುತ್ತದೆ. ಇದು ನಡೆಯುವ ಸಾಮಾನ್ಯ ಸಂದರ್ಭಗಳು ಇವು:

• ಹೊಟ್ಟೆ ತುಂಬಿದ ಮೇಲೆ ಮಗು ತೊಟ್ಟಿನೊಡನೆ ಆಟವಾಡುವಾಗ ಅಥವಾ ನಿದ್ರೆಗೆ ಜಾರುವಾಗ
• ಸುತ್ತಲಿನ ಸದ್ದು, ಮಾತು, ಬೆಳಕುಗಳಿಂದ ಗಮನ ಬೇರೆಡೆಗೆ ಹೋದಾಗ
• ನೆಗಡಿಯಿಂದ ಮೂಗು ಕಟ್ಟಿ ಉಸಿರಾಟಕ್ಕೆ ತೊಡಕಾದಾಗ
• ಹಾಲು ತುಂಬಿ ಸ್ತನ ಗಟ್ಟಿಯಾಗಿ ಬಾಯಿ ತುಂಬ ಹಿಡಿಯಲು ಆಗದಿದ್ದಾಗ
• ಹಾಲು ಇಳಿಯುವುದು ತಡವಾದಾಗ ಅಥವಾ ಒಮ್ಮೆಲೆ ರಭಸವಾಗಿ ಬಂದಾಗ
• ಬಾಟಲಿಯ ರಬ್ಬರ್ ತೊಟ್ಟನ್ನು ಅಗಿದು ರೂಢಿಯಾದಾಗ

ಕಚ್ಚಿದ ಕ್ಷಣದಲ್ಲಿ ಮಾಡಬೇಕಾದದ್ದು

ನೋವಿನಿಂದ ಮಗುವನ್ನು ಥಟ್ಟನೆ ಎಳೆದುಬಿಡುವುದು ಸಹಜ ಪ್ರತಿಕ್ರಿಯೆ. ಆದರೆ ಹಲ್ಲುಗಳ ನಡುವೆ ಸಿಕ್ಕಿದ ತೊಟ್ಟು ಎಳೆತಕ್ಕೆ ಹರಿದು ಗಾಯ ದೊಡ್ಡದಾಗುವ ಅಪಾಯವಿದೆ. ಇದರ ಬದಲು ಮಗುವನ್ನು ಒಂದು ಕ್ಷಣ ಎದೆಗೆ ಇನ್ನಷ್ಟು ಹತ್ತಿರಕ್ಕೆ ತಂದುಕೊಂಡರೆ ಅದು ಉಸಿರಾಟಕ್ಕಾಗಿ ತಾನೇ ಬಾಯಿ ತೆರೆಯುತ್ತದೆ. ಶುಚಿಯಾದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ವಸಡುಗಳ ನಡುವೆ ತೂರಿಸಿ ಹಿಡಿತವನ್ನು ಬಿಡಿಸುವುದು ಇನ್ನೊಂದು ವಿಧಾನ.

ಅನಂತರ ಶಾಂತ ಹಾಗೂ ದೃಢ ಧ್ವನಿಯಲ್ಲಿ ಬೇಡವೆಂದು ಹೇಳಿ, ಕೆಲವು ನಿಮಿಷ ಹಾಲೂಡುವುದನ್ನು ನಿಲ್ಲಿಸಲಾಗುತ್ತದೆ. ಕಚ್ಚಿದರೆ ಹಾಲು ನಿಲ್ಲುತ್ತದೆ ಎಂಬ ಸಂಬಂಧವನ್ನು ಮಗು ಪುನರಾವರ್ತನೆಯಿಂದ ಕಲಿಯುತ್ತದೆ. ಗಟ್ಟಿಯಾಗಿ ಕಿರುಚುವುದು, ಕೆನ್ನೆಗೆ ತಟ್ಟುವುದು, ಮರಳಿ ಕಚ್ಚುವುದು ಸಲ್ಲದು. ಬೆದರಿದ ಮಗು ಕೆಲವು ದಿನ ಎದೆಹಾಲನ್ನೇ ನಿರಾಕರಿಸಬಹುದು. ಹಾಗಾದಲ್ಲಿ ಹಾಲನ್ನು ಕೈಯಿಂದ ಹಿಂಡಿ ಶುಚಿಯಾದ ಬಟ್ಟಲು ಅಥವಾ ಚಮಚದಿಂದ ಕುಡಿಸುತ್ತ, ಮಗು ಅರೆನಿದ್ರೆಯಲ್ಲಿರುವಾಗ ಮತ್ತೆ ಎದೆಗೆ ಹಾಕಿಕೊಳ್ಳಬೇಕಾಗುತ್ತದೆ.

ತಡೆಗಟ್ಟುವಿಕೆ

ಹಾಲೂಡುವ ಮೊದಲು ಶುಚಿಯಾದ ಬೆರಳಿನಿಂದ ವಸಡನ್ನು ಮೃದುವಾಗಿ ಉಜ್ಜುವುದು, ಅಥವಾ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಚಿ ಬಟ್ಟೆಯನ್ನು ಅಗಿಯಲು ಕೊಡುವುದು ವಸಡಿನ ಬೇನೆಯನ್ನು ತಗ್ಗಿಸುತ್ತದೆ. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ, ಗಲ್ಲ ಸ್ತನಕ್ಕೆ ಒತ್ತಿಕೊಂಡಿರುವಂತೆ, ಬಾಯಿ ಅಗಲವಾಗಿ ತೆರೆದಿರುವಂತೆ ಹಿಡಿಯಬೇಕು. ನುಂಗುವ ಸಪ್ಪಳ ನಿಂತು, ದವಡೆ ಬಿಗಿಯಾಗತೊಡಗಿದರೆ ಅಥವಾ ಮಗು ತೊಟ್ಟಿನ ತುದಿಗೆ ಜಾರಿದರೆ ಬೆರಳು ತೂರಿಸಿ ಬಿಡಿಸಿಕೊಳ್ಳುವುದು ಸೂಕ್ತ. ಮಗುವಿಗೆ ಹಸಿವಿಲ್ಲದಿದ್ದಾಗ ಒತ್ತಾಯಿಸಬಾರದು. ಸ್ತನ ಗಟ್ಟಿಯಾಗಿದ್ದರೆ ಮೊದಲು ಸ್ವಲ್ಪ ಹಾಲನ್ನು ಹಿಂಡಿ ತೆಗೆದರೆ ಮಗುವಿಗೆ ಹಿಡಿತ ಸುಲಭವಾಗುತ್ತದೆ.

ಗಾಯದ ಆರೈಕೆ

ತೊಟ್ಟು ಬಿರಿದಿದ್ದರೆ ಶುಚಿಯಾದ ನೀರಿನಿಂದ ತೊಳೆದು, ಕೆಲವು ಹನಿ ಎದೆಹಾಲನ್ನು ಸವರಿ ಗಾಳಿಗೆ ಒಣಗಲು ಬಿಡುವುದು ರೂಢಿಯಲ್ಲಿರುವ ಕ್ರಮ. ತಣ್ಣನೆಯ ಬಟ್ಟೆಯನ್ನು ಒತ್ತಿ ಹಿಡಿಯುವುದರಿಂದ ನೋವು ಕಡಿಮೆಯಾಗುತ್ತದೆ. ನೋವು ಕಡಿಮೆಯಿರುವ ಸ್ತನದಿಂದ ಮೊದಲು ಕುಡಿಸಬಹುದು. ಗಾಯವಾದ ಕಡೆ ಕುಡಿಸಲಾಗದಿದ್ದರೆ ಹಾಲು ಕಟ್ಟಿಕೊಳ್ಳದಂತೆ ಕೈಯಿಂದ ಹಿಂಡಿ ತೆಗೆಯಬೇಕು. ಸ್ತನ ಕೆಂಪಾಗಿ ಬಿಸಿಯೇರುವುದು, ಗಂಟು, ಕೀವು, ಚಳಿಜ್ವರ ಇವು ಸೋಂಕಿನ ಲಕ್ಷಣಗಳಾಗಿದ್ದು, ವೈದ್ಯರನ್ನು ಕಾಣುವುದು ಅಗತ್ಯ. ಸ್ತನದ ಉರಿಯೂತವಿದ್ದರೂ ಸಾಮಾನ್ಯವಾಗಿ ಹಾಲೂಡುವುದನ್ನು ನಿಲ್ಲಿಸಬೇಕಿಲ್ಲ.

ಜ್ವರ, ಭೇದಿ ಮತ್ತು ತಪ್ಪುನಂಬಿಕೆಗಳು

ಹಲ್ಲು ಬರುವಾಗ ಭೇದಿ ಮತ್ತು ಜ್ವರ ಸಹಜವೆಂಬ ನಂಬಿಕೆ ವ್ಯಾಪಕವಾಗಿದೆ. ಹಲ್ಲು ಮೂಡುವಾಗ ಮೈ ತುಸು ಬೆಚ್ಚಗಾಗಬಹುದು. ಆದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಜ್ವರ, ನೀರಿನಂಥ ಭೇದಿ ಮತ್ತು ವಾಂತಿಗಳಿಗೆ ಹಲ್ಲನ್ನು ಹೊಣೆ ಮಾಡಲಾಗದು. ತಾಯಿಯಿಂದ ಬಂದ ರೋಗನಿರೋಧಕ ಅಂಶಗಳು ಕ್ಷೀಣಿಸುವ, ಮಗು ನೆಲದ ಮೇಲೆ ಹರಿದಾಡಿ ಕೈಯನ್ನು ಬಾಯಿಗೆ ಹಾಕುವ ಹಾಗೂ ಹೊರಗಿನ ಆಹಾರ ಆರಂಭವಾಗುವ ಕಾಲವೂ ಇದೇ ಆಗಿರುವುದರಿಂದ ಸೋಂಕುಗಳು ಹೆಚ್ಚು. ಹಲ್ಲಿನ ಭೇದಿಯೆಂದು ಕಾಯುತ್ತ ಕೂತರೆ ಮಗುವಿನ ದೇಹದ ನೀರಿನಂಶ ಕಡಿಮೆಯಾಗಿ ಪ್ರಾಣಾಪಾಯ ಉಂಟಾಗಬಹುದು. ಭೇದಿಯಾದಾಗ ಎದೆಹಾಲನ್ನು ಹೆಚ್ಚು ಬಾರಿ ಕೊಡುವುದರೊಡನೆ ಓಆರ್‌ಎಸ್ ದ್ರಾವಣವನ್ನೂ, ಆರೋಗ್ಯ ಕಾರ್ಯಕರ್ತರ ಸಲಹೆಯಂತೆ 14 ದಿನ ಸತುವಿನ ಮಾತ್ರೆಯನ್ನೂ ನೀಡಲಾಗುತ್ತದೆ. ಕಣ್ಣು ಗುಳಿಬೀಳುವುದು, ಮಂಕುತನ, ಮೂತ್ರ ಕಡಿಮೆಯಾಗುವುದು, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆಂಜೊಕೇನ್ ಇರುವ ವಸಡಿನ ಜೆಲ್‌ಗಳು ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸಬಲ್ಲವಾದ್ದರಿಂದ, 2 ವರ್ಷದೊಳಗಿನ ಮಕ್ಕಳಿಗೆ ಅವುಗಳನ್ನು ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2018ರಲ್ಲಿ ಎಚ್ಚರಿಸಿತು. ಒಂದು ವರ್ಷದೊಳಗಿನ ಮಗುವಿನ ವಸಡಿಗೆ ಜೇನುತುಪ್ಪ ಸವರಿದರೆ ಬೊಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಅಗಿಯಲು ಕೊಡುವ ಹಸಿ ಗಜ್ಜರಿ, ಗಟ್ಟಿ ರೊಟ್ಟಿಯ ಚೂರು, ಕೊರಳಿಗೆ ಅಥವಾ ಕೈಗೆ ಕಟ್ಟುವ ಮಣಿಗಳು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು.

ವಿಜಯಪುರ ಜಿಲ್ಲೆಯ ಸಂದರ್ಭ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಪ್ರದೇಶಗಳು ಪ್ರಧಾನವಾಗಿ ಕೃಷಿಯನ್ನು ಅವಲಂಬಿಸಿವೆ. ಉತ್ತರ ಕರ್ನಾಟಕದ ಇತರ ಭಾಗಗಳಂತೆ ಇಲ್ಲಿಯೂ ಚೊಚ್ಚಲ ಹೆರಿಗೆ ಮತ್ತು ಬಾಣಂತನ ಸಾಮಾನ್ಯವಾಗಿ ತವರುಮನೆಯಲ್ಲಿ ನಡೆಯುತ್ತವೆ. ಕೂಸಿಗೆ ಹಲ್ಲು ಮೂಡುವ ಹೊತ್ತಿಗೆ ತಾಯಿ ಗಂಡನ ಮನೆಗೆ ಮರಳಿರುವುದು, ಹೊಲದ ಕೆಲಸಕ್ಕೆ ಹೋಗತೊಡಗುವುದು ಸಾಮಾನ್ಯ. ದಿನವಿಡೀ ದೂರವಿದ್ದು ಸಂಜೆ ಮರಳಿದ ತಾಯಿಯ ಸ್ತನ ಹಾಲು ತುಂಬಿ ಬಿಗಿದಿರುತ್ತದೆ, ಮಗು ಹಸಿವು ಮತ್ತು ದಣಿವಿನಿಂದ ಕಿರಿಕಿರಿಗೊಂಡಿರುತ್ತದೆ. ಇವೆರಡೂ ಕಚ್ಚುವಿಕೆಗೆ ಅವಕಾಶ ಮಾಡಿಕೊಡುವ ಸ್ಥಿತಿಗಳೇ ಆಗಿವೆ.

ಕಾರ್ಖಾನೆ ಮತ್ತು ಕಚೇರಿಗಳ ಉದ್ಯೋಗಸ್ಥೆಯರಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯು ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡುವ ಬಿಡುವನ್ನು ಒದಗಿಸಿತು. 2017ರ ತಿದ್ದುಪಡಿಯು ಮೊದಲ ಎರಡು ಹೆರಿಗೆಗಳಿಗೆ ವೇತನಸಹಿತ ರಜೆಯನ್ನು 26 ವಾರಗಳಿಗೆ ಹೆಚ್ಚಿಸಿತು. ಹೊಲದ ದಿನಗೂಲಿ ಮಹಿಳೆಯರಿಗೆ ಈ ಸೌಲಭ್ಯ ಬಹುಮಟ್ಟಿಗೆ ದೊರೆಯುವುದಿಲ್ಲ. ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು 2023ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು.

2018ರಲ್ಲಿ ಆರಂಭವಾದ ಗೃಹಾಧಾರಿತ ಚಿಕ್ಕಮಕ್ಕಳ ಆರೈಕೆ ಎಂಬ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಮಗುವಿನ 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಮನೆಗೆ ಭೇಟಿ ನೀಡುತ್ತಾರೆ. ಇವುಗಳಲ್ಲಿ ಹೆಚ್ಚಿನವು ಹಲ್ಲು ಮೂಡುವ ಕಾಲಕ್ಕೇ ಬೀಳುವುದರಿಂದ ಕಚ್ಚುವಿಕೆಯ ಬಗ್ಗೆ ಕೇಳಿ ತಿಳಿಯಲು ಅನುಕೂಲವಾಗಿವೆ. ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ 2017ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು.

ಹಾಲು ಬಿಡಿಸುವಿಕೆ

ಮೊಲೆತೊಟ್ಟಿಗೆ ಬೇವಿನಂಥ ಕಹಿಯನ್ನು ಹಚ್ಚಿ ಹಾಲು ಬಿಡಿಸುವ ರೂಢಿ ಕರ್ನಾಟಕದ ಹಳ್ಳಿಗಳಲ್ಲಿದೆ. ಕಚ್ಚುವಿಕೆಯ ಕಾರಣಕ್ಕಾಗಿ 6 ಅಥವಾ 8ನೆಯ ತಿಂಗಳಿನಲ್ಲೇ ಹೀಗೆ ಮಾಡಿದರೆ ಮಗು ಪೋಷಣೆಯ ಮುಖ್ಯ ಮೂಲವನ್ನು ಕಳೆದುಕೊಳ್ಳುತ್ತದೆ. ಅದರ ಬದಲಿಗೆ ಬರುವ ಬಾಟಲಿ ಮತ್ತು ಪುಡಿಹಾಲು ಶುಚಿತ್ವದ ಕೊರತೆಯಿರುವಲ್ಲಿ ಭೇದಿಗೆ ದಾರಿಮಾಡುತ್ತವೆ. ಭಾರತದಲ್ಲಿ 1992ರ ಶಿಶುಹಾಲಿನ ಬದಲಿಗಳು, ಹಾಲಿನ ಬಾಟಲಿಗಳು ಮತ್ತು ಶಿಶು ಆಹಾರಗಳ ಕಾಯ್ದೆಯು ಇಂಥ ಉತ್ಪನ್ನಗಳ ಜಾಹೀರಾತನ್ನು ನಿಷೇಧಿಸಿದೆ.

ಇತಿಹಾಸ

ಆಯುರ್ವೇದದ ಕಾಶ್ಯಪ ಸಂಹಿತೆಯಲ್ಲಿ ಹಲ್ಲುಗಳ ಹುಟ್ಟಿಗೆ ಮೀಸಲಾದ ಅಧ್ಯಾಯವಿದೆ. ವಾಗ್ಭಟನ ಅಷ್ಟಾಂಗಹೃದಯವು ಹಲ್ಲು ಮೂಡುವಿಕೆಯನ್ನು ಅನೇಕ ರೋಗಗಳಿಗೆ ಕಾರಣವೆಂದು ಹೇಳಿದರೂ, ಅಂಥ ಬಾಧೆಗಳು ಹಲ್ಲು ಬಂದ ಮೇಲೆ ತಾವೇ ಶಮನವಾಗುವುದರಿಂದ ಮಗುವಿಗೆ ಅತಿಯಾದ ಚಿಕಿತ್ಸೆ ಬೇಡವೆಂದೂ ಸೂಚಿಸುತ್ತದೆ. 19ನೆಯ ಶತಮಾನದ ಇಂಗ್ಲೆಂಡಿನ ಮರಣ ದಾಖಲೆಗಳಲ್ಲಿ ಹಲ್ಲು ಮೂಡುವಿಕೆ ಸಾವಿನ ಕಾರಣವಾಗಿ ನಮೂದಾಗುತ್ತಿತ್ತು. ಅಲ್ಲಿ ಬಳಕೆಯಲ್ಲಿದ್ದ ಪಾದರಸಯುಕ್ತ ಹಲ್ಲುಪುಡಿಗಳು ಮಕ್ಕಳಲ್ಲಿ ವಿಷಬಾಧೆಯನ್ನು ಉಂಟುಮಾಡುತ್ತಿದ್ದುದು ತಿಳಿದ ಬಳಿಕ 1954ರಲ್ಲಿ ಅವುಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು.