ಫೋನ್ ಕದ್ದಾಲಿಕೆಗೆ ನಿಯಮ ಇದೆ, ಮಫ್ತಿಗೆ ಯಾಕಿಲ್ಲ?

ನಮ್ಮ ತೆಕ್ಕಲಕೋಟೆಯಂಥ ಊರಲ್ಲಿ 'ಮಫ್ತಿಯವರು' ಅಂದ್ರೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಮಟ್ಕಾ, ಇಸ್ಪೀಟು ಅಡ್ಡೆಗೆ ಯೂನಿಫಾರ್ಮಿನಲ್ಲಿ ಹೋದ್ರೆ ಯಾರೂ ಸಿಗಲ್ಲ, ಅದಕ್ಕೇ ಸಾದಾ ಬಟ್ಟೆ. ಇದಕ್ಕೆ ನನ್ನ ತಕರಾರಿಲ್ಲ. ಆದರೆ ಅದೇ ಸಾದಾ ಬಟ್ಟೆಯವರು ರೈತರ ಸಭೆಯಲ್ಲೋ, ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲೋ ಹೆಸರು ಬದಲಿಸಿಕೊಂಡು ಕೂತರೆ? ಕಳಿಸಿದ್ದು ಯಾರು, ಎಷ್ಟು ದಿನಕ್ಕೆ, ಯಾಕೆ ಅಂತ ಯಾರು ಕೇಳಬೇಕು? ಈ ಬಗ್ಗೆ ಕಾನೂನಿನಲ್ಲಿ ಏನಿದೆ, ಏನಿಲ್ಲ ಅನ್ನೋದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಲೋಕಾಯುಕ್ತ ಟ್ರ್ಯಾಪ್

ಪೊಲೀಸರ ಗುಪ್ತ ಕಾರ್ಯಾಚರಣೆಗಳಲ್ಲಿ ಕೋರ್ಟಿನ ಪರೀಕ್ಷೆಗೆ ಹೆಚ್ಚು ಒಳಗಾಗಿರುವುದು ಲಂಚದ ಟ್ರ್ಯಾಪ್. ನೋಟುಗಳಿಗೆ ಫಿನಾಲ್ಫ್ಥಲೀನ್ ಪುಡಿ ಹಚ್ಚುತ್ತಾರೆ. ಹಣ ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಪಂಚರು ಇರಬೇಕು, ಪಂಚನಾಮೆ ಆಗಬೇಕು. ಇಷ್ಟಾದರೂ ಸಾಲದು. ಅಧಿಕಾರಿ ಲಂಚ ಕೇಳಿದ್ದೂ ತಗೊಂಡಿದ್ದೂ ಎರಡೂ ಸಾಬೀತಾಗಬೇಕು ಅಂತ 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಅಂದರೆ ಕೇಳದವನ ಜೇಬಿಗೆ ನೋಟು ತುರುಕಿ ಕೇಸು ಗೆಲ್ಲೋಕಾಗಲ್ಲ. ಹೆಜ್ಜೆಹೆಜ್ಜೆಗೂ ದಾಖಲೆ ಇಟ್ಟರೆ ಗುಪ್ತ ಕಾರ್ಯಾಚರಣೆಯೂ ಪರಿಶೀಲನೆಗೆ ಸಿಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ.

ಫೋನ್ ಕದ್ದಾಲಿಕೆ

ಕರ್ನಾಟಕಕ್ಕೆ ಇದರ ಬಿಸಿ ಚೆನ್ನಾಗಿ ಗೊತ್ತು. 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದು ಕದ್ದಾಲಿಕೆ ಆರೋಪದ ಮೇಲೆ. 2019ರಲ್ಲಿ ಇಂಥದ್ದೇ ಆರೋಪ ಮತ್ತೆ ಎದ್ದಾಗ ಯಡಿಯೂರಪ್ಪ ಸರ್ಕಾರ ತನಿಖೆಯನ್ನು ಸಿಬಿಐಗೆ ಕೊಟ್ಟಿತು.

1996ರ ಪಿಯುಸಿಎಲ್ ತೀರ್ಪು ಇದಕ್ಕೊಂದು ಚೌಕಟ್ಟು ಹಾಕಿತು. ಸಾಮಾನ್ಯವಾಗಿ ಆದೇಶ ಕೊಡಬೇಕಾದ್ದು ಗೃಹ ಕಾರ್ಯದರ್ಶಿ. ಒಂದು ಆದೇಶಕ್ಕೆ ಎರಡು ತಿಂಗಳು, ವಿಸ್ತರಿಸಿದರೂ ಒಟ್ಟು ಆರು ತಿಂಗಳು. ಮೇಲೆ ಪರಿಶೀಲನಾ ಸಮಿತಿ. ಸಮಿತಿಯಲ್ಲಿ ಅಧಿಕಾರಿಗಳೇ ಇರೋದು, ನ್ಯಾಯಾಧೀಶರಿಲ್ಲ ಅನ್ನೋ ಕೊರತೆ ನಿಜ. ಆದರೂ ಆದೇಶ, ಅವಧಿ, ಪರಿಶೀಲನೆ ಮೂರೂ ಕಾಗದದ ಮೇಲಿವೆ.

ಒಂದು ಸಂಘಟನೆಯ ಒಳಗೆ ಸುಳ್ಳು ಗುರುತಿನಲ್ಲಿ ಪೊಲೀಸರನ್ನು ಕಳಿಸೋಕೆ? ನಮ್ಮ ದೇಶದಲ್ಲಿ ಅದಕ್ಕೇ ಅಂತ ಒಂದು ಕಾಯ್ದೆ ಇಲ್ಲ. ಇನ್ನೊಂದು ಕಡೆ, ಅಪರಾಧದ ಮಾಹಿತಿ ಎಲ್ಲಿಂದ ಬಂತು ಅಂತ ಹೇಳುವಂತೆ ಪೊಲೀಸರನ್ನು ಬಲವಂತ ಮಾಡೋ ಹಾಗಿಲ್ಲ ಅನ್ನುತ್ತೆ ಭಾರತೀಯ ಸಾಕ್ಷ್ಯ ಅಧಿನಿಯಮದ 131ನೇ ಕಲಂ. ಮಾಹಿತಿದಾರರ ಜೀವ ಉಳಿಸೋಕೆ ಇದು ಬೇಕು. ಆದರೆ ಮುಚ್ಚಿಡೋಕೆ ಕಾನೂನಿದ್ದು ಲೆಕ್ಕ ಕೇಳೋಕೆ ಇಲ್ಲದಿದ್ದರೆ ತಕ್ಕಡಿ ಒಂದೇ ಕಡೆ ವಾಲುತ್ತೆ. ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಅರ್ಥ ಆಗುತ್ತೆ: ಲಾಗ್ ಇಲ್ಲದ ಸಿಸ್ಟಂನಲ್ಲಿ ತಪ್ಪು ಎಲ್ಲಾಯ್ತು ಅಂತ ಯಾರೂ ಹುಡುಕಲಾರರು.

ಬ್ರಿಟನ್‌ನಲ್ಲಿ ಆಗಿದ್ದು

ಲಂಡನ್ ಪೊಲೀಸರು 1968ರಲ್ಲಿ ಒಂದು ಗುಪ್ತ ಘಟಕ ಕಟ್ಟಿದರು. ಅದು 2008ರವರೆಗೂ ನಡೆಯಿತು. ಅದರ ಕೆಲವು ಅಧಿಕಾರಿಗಳು ತೀರಿಹೋದ ಮಕ್ಕಳ ಹೆಸರಿನಲ್ಲಿ ಗುರುತು ಸೃಷ್ಟಿಸಿಕೊಂಡರು, ಹೋರಾಟಗಾರ್ತಿಯರ ಜೊತೆ ವರ್ಷಗಟ್ಟಲೆ ಸಂಸಾರದಂಥ ಸಂಬಂಧ ನಡೆಸಿದರು. ಇದು ಬಯಲಿಗೆ ಬಂದಮೇಲೆ 2015ರಲ್ಲಿ ಸಾರ್ವಜನಿಕ ವಿಚಾರಣೆ ಶುರುವಾಯಿತು. ಆ ಘಟಕವನ್ನು ಆರಂಭದ ವರ್ಷಗಳಲ್ಲೇ ಮುಚ್ಚಬೇಕಿತ್ತು ಅಂತ 2023ರ ಮಧ್ಯಂತರ ವರದಿ ಹೇಳಿತು. ಮೋಸ ಹೋದ ಹೆಣ್ಣುಮಕ್ಕಳೇ ಬೆನ್ನು ಹತ್ತದೇ ಇದ್ದಿದ್ದರೆ ಇದರಲ್ಲಿ ಬಹಳಷ್ಟು ಹೊರಗೆ ಬರುತ್ತಲೇ ಇರಲಿಲ್ಲ.

ಸದ್ಯಕ್ಕೆ ನಮ್ಮ ಕೈಯಲ್ಲಿರೋದು

ಬಂಧನದ ವೇಳೆ: ಬಂಧಿಸುವ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣಬೇಕು, ಸಾಕ್ಷಿಯ ಸಹಿ ಇರುವ ಬಂಧನ ಮೆಮೊ ಆಗಬೇಕು ಅನ್ನುತ್ತೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಂ. ಮಫ್ತಿಯಲ್ಲಿ ಬಂದರೂ ಇದರಿಂದ ವಿನಾಯಿತಿ ಇಲ್ಲ. ಇದರ ಬೇರು 1996ರ ಡಿ.ಕೆ. ಬಸು ತೀರ್ಪಿನಲ್ಲಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಪ್ರಯಾಣದ ಸಮಯ ಮಾತ್ರ ಇದಕ್ಕೆ ಹೊರತು.

ದೂರು: 2006ರ ಪ್ರಕಾಶ್ ಸಿಂಗ್ ತೀರ್ಪಿನ ಬೆನ್ನಲ್ಲಿ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಪೊಲೀಸ್ ದೂರು ಪ್ರಾಧಿಕಾರ ರಾಜ್ಯ ಮಟ್ಟದಲ್ಲೂ ಇದೆ, ಜಿಲ್ಲಾ ಮಟ್ಟದಲ್ಲೂ ಇದೆ. ಅಧಿಕಾರ ದುರ್ಬಳಕೆ ಆಗಿದ್ದರೆ ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡಿನವರು ಬಳ್ಳಾರಿಯ ಜಿಲ್ಲಾ ಪ್ರಾಧಿಕಾರಕ್ಕೆ ಬರೆಯಬಹುದು.

ಆರ್‌ಟಿಐ: 24(4)ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಗುಪ್ತಚರ ವಿಭಾಗಗಳಿಗೆ ವಿನಾಯಿತಿ ಕೊಡಬಹುದು. ಆದರೆ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಗಳ ಮಾಹಿತಿಗೆ ಆ ವಿನಾಯಿತಿ ಅನ್ವಯಿಸಲ್ಲ.

ಇಷ್ಟಾದರೂ ಇವೆಲ್ಲ ಕೆಲಸಕ್ಕೆ ಬರೋದು ಬಂಧನ ಆದಮೇಲೆ, ಇಲ್ಲವೇ ಅನ್ಯಾಯ ಗೊತ್ತಾದಮೇಲೆ. ತನ್ನ ಮೇಲೆ ಗೂಢಚಾರಿಕೆ ನಡೀತಿದೆ ಅಂತಲೇ ತಿಳಿಯದವರು ದೂರು ಹೇಗೆ ಕೊಡ್ತಾರೆ? ಖಾಸಗಿತನ ಮೂಲಭೂತ ಹಕ್ಕು, ಅದನ್ನು ಮೊಟಕುಗೊಳಿಸೋಕೆ ಕಾನೂನಿನ ಆಧಾರ ಬೇಕು ಅಂತ 2017ರ ಪುಟ್ಟಸ್ವಾಮಿ ತೀರ್ಪು ಹೇಳಿದೆ. ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ತೀರ್ಪನ್ನು ಜಾರಿಗೆ ತರೋದರಲ್ಲಿ ಅವರದೇ ರಾಜ್ಯ ಮುಂದಿರಬೇಕಲ್ಲವೇ?

ನಾನು ಕೇಳ್ತಿರೋದು ನಾಲ್ಕೇ: ಲಿಖಿತ ಆದೇಶ, ನಿಗದಿತ ಅವಧಿ, ಹೊರಗಿನ ನ್ಯಾಯಾಧೀಶರ ಪರಿಶೀಲನೆ, ವರ್ಷಕ್ಕೊಮ್ಮೆ ಸದನಕ್ಕೆ ಅಂಕಿಸಂಖ್ಯೆ. ಇದರಲ್ಲಿ ಯಾವ ಮಾಹಿತಿದಾರರ ಹೆಸರೂ ಹೊರಬರಲ್ಲ, ಯಾವ ಮಟ್ಕಾ ದಾಳಿಯೂ ನಿಲ್ಲಲ್ಲ. ನಿಮ್ಮ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ಈ ನಾಲ್ಕನ್ನು ಬರೆದು ಕೈಗೆ ಕೊಡಿ, ಸದನದಲ್ಲಿ ಕೇಳ್ತೀರಾ ಇಲ್ವಾ ಅಂತ ಅಲ್ಲೇ ಉತ್ತರ ಪಡೀರಿ.